ಗಂಗಕ್ಕನ ಹತ್ತಿರ ಕೂರುವವರು

ಕಾರವಾರದ ದೊಡ್ಡಾಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಗಂಗಕ್ಕನಿಗೆ ಗೊತ್ತಿಲ್ಲದ ಮಂಚವಿಲ್ಲ. ಯಾವ ಮಂಚಕ್ಕೆ ಬೆಳಗಿನ ಬಿಸಿಲು ಬೀಳುತ್ತದೆ, ಯಾವ ಕಿಟಕಿಯ ಹತ್ತಿರ ನಿಂತರೆ ಮೊಬೈಲು ಸರಿಯಾಗಿ ಕೇಳುತ್ತದೆ, ಯಾವ ಸಿಸ್ಟರು ಬಾಯಲ್ಲಿ ಬೈದರೂ ಸೂಜಿ ಚುಚ್ಚುವಾಗ ಕೈ ಹಗುರ, ಎಲ್ಲ ಅವಳಿಗೆ ಅಂಗೈ ಮೇಲಿನ ನೆಲ್ಲಿಕಾಯಿ. ಹಾಗಂತ ಅವಳು ನರ್ಸಲ್ಲ, ಆಯಾ ಅಲ್ಲ, ಆಸ್ಪತ್ರೆಯ ಸಂಬಳ ತಿನ್ನುವವಳೂ ಅಲ್ಲ. ರೋಗಿಯ ಹತ್ತಿರ ಕೂರುವವಳು. ಮನೆಯವರಿಗೆ ಪುರುಸೊತ್ತಿಲ್ಲ ಅಂದರೆ, ಮಗನಿಗೆ ರಜೆಯಿಲ್ಲ, ಸೊಸೆಗೆ ಬಾಣಂತನ, ಮಗಳು ಗೋವೆಯಲ್ಲಿ ಅಂದರೆ, ಯಾರಾದರೊಬ್ಬರು ಹೇಳುತ್ತಾರೆ: "ತೋಡೂರಿನ ಗಂಗಕ್ಕಂಗೆ ಫೋನ್ ಮಾಡಿ." ಅವಳು ಒಂದು ಕೈಚೀಲ ಹಿಡಿದು ಬಂದು ಮಂಚದ ಕೆಳಗೆ ಚಾಪೆ ಹಾಸುತ್ತಾಳೆ. ಗಂಜಿ ಕುಡಿಸುತ್ತಾಳೆ, ಮಗ್ಗುಲು ಬದಲಿಸುತ್ತಾಳೆ, ಬೆಡ್‌ಪ್ಯಾನ್ ಇಡುತ್ತಾಳೆ, ತಲೆ ಬಾಚಿ ಜಡೆ ಹಾಕುತ್ತಾಳೆ. "ಇಗಾ, ನಿನ್ನ ಮಗ ಬಸ್ ಹತ್ತಿದ್ನಂತೆ" ಎಂದು ಸುಳ್ಳೂ ಹೇಳುತ್ತಾಳೆ. ಅದಕ್ಕೆಲ್ಲ ದಿನಗೂಲಿ, ಮೇಲೆ ಊಟ.

ಈ ಕೆಲಸ ಅವಳು ಹುಡುಕಿಕೊಂಡು ಹೋದದ್ದಲ್ಲ. ಗಂಡ ಪಾಂಡು ಬಂದರಿನಲ್ಲಿ ಮೂಟೆ ಹೊರುತ್ತಿದ್ದ. ಲಿವರ್ ಹೋಗಿ ಇದೇ ಆಸ್ಪತ್ರೆ ಸೇರಿದ, ಇಲ್ಲೇ ಹೋದ. ಮಕ್ಕಳಿಲ್ಲ. ಅವನ ಸಾಮಾನು ಕಟ್ಟುತ್ತಿದ್ದಾಗ ಪಕ್ಕದ ಮಂಚದ ಮುದುಕನ ಸೊಸೆ ಬಂದು, "ಗಂಗಕ್ಕ, ನಮ್ಮ ಮಾವನ ಹತ್ರಾನೂ ನಾಕು ದಿನ ಕೂರ್ತ್ಯಾ, ಕೂಲಿ ಕೊಡ್ತೆ" ಅಂದಳು. ಗಂಡ ಸತ್ತ ಹೆಂಗಸಿನ ಹತ್ತಿರ ಕೇಳುವ ಮಾತಾ ಇದು? ಬೇರೆ ಯಾರಾದರೂ ಆಗಿದ್ದರೆ ಎರಡು ಕೊಟ್ಟು ಕಳಿಸುತ್ತಿದ್ದರು. ಗಂಗಕ್ಕ ಗಂಡನ ದಿನ ಕಾರ್ಯ ಮುಗಿಸಿ ಬಂದು ಕೂತಳು. ಮನೆಯಲ್ಲಿ ಕೂತು ಮಾಡುವುದೇನು, ಗೋಡೆ ನೋಡುವುದು. ಇಲ್ಲಾದರೆ ಮನುಷ್ಯರಾದರೂ ಇದ್ದಾರೆ, ಕೆಮ್ಮುತ್ತಾರೆ, ನರಳುತ್ತಾರೆ, ನೀರು ಕೇಳುತ್ತಾರೆ.

ಹಾಗೆ ಕೂತವಳು ಎದ್ದೇ ಇಲ್ಲ ಅನ್ನಿ. ಆದರೆ ನಡುನಡುವೆ ಯಾವ ರೋಗಿಯೂ ಇಲ್ಲದ ದಿನಗಳು ಬರುತ್ತವಲ್ಲ, ಆಗ ನೋಡಬೇಕು ಅವಳ ಪಾಡು. ತೋಡೂರಿನ ಕಾಲೊನಿಯ ಮನೆ, ನೌಕಾನೆಲೆಗಾಗಿ ಊರು ಬಿಟ್ಟವರಿಗೆ ಸಿಕ್ಕ ಜಾಗದಲ್ಲಿ ಕಟ್ಟಿಕೊಂಡದ್ದು. ಬೆಳಿಗ್ಗೆ ಬುಟ್ಟಿ ಹೊತ್ತು ಬರುವ ಮೀನಿನವಳ ಹತ್ತಿರ ಒಂದೇ ಒಂದು ಬಂಗಡೆ ಕೇಳಬೇಕು. "ಒಂದು ಬಂಗಡೆಗೆ ಬುಟ್ಟಿ ಇಳಿಸೂದಾ?" ಎಂದು ಅವಳು ಮೂತಿ ತಿರುಗಿಸುತ್ತಾಳೆ. ಹೆಚ್ಚು ತಗೊಂಡರೆ ಸಾರು ಮೂರು ಹೊತ್ತಿಗೂ ಉಳಿಯುತ್ತದೆ. ಒಬ್ಬಳಿಗಾಗಿ ಕಾಯಿ ತುರಿದು ಮಸಾಲೆ ಅರೆಯುವುದು ಅಂದರೆ ಶಿಕ್ಷೆ ಕಣ್ರಿ, ಅನುಭವಿಸಿದವರಿಗೇ ಗೊತ್ತು. ಗಂಗಕ್ಕ ಎಷ್ಟೋ ದಿನ ಉಪ್ಪಿನಕಾಯಿ ನೆಕ್ಕಿಕೊಂಡು ಗಂಜಿ ಉಂಡು ಏಳುತ್ತಿದ್ದಳು.

ಇನ್ನೊಂದು ಸಂಗತಿ ಹೇಳುತ್ತೇನೆ, ಅದು ಅವಳಿಗೆ ಮೀನಿನ ಮುಳ್ಳಿನ ಹಾಗೆ ಗಂಟಲಲ್ಲೇ ಇತ್ತು. ಅವಳು ಉಪಚಾರ ಮಾಡಿದವರು ಗುಣವಾಗಿ ಪೇಟೆಯಲ್ಲಿ ಎದುರಾದರೆ, ಮೊದಲು ಗುರುತು ಹಿಡಿಯುತ್ತಾರೆ, ಆಮೇಲೆ ಬಳೆ ಅಂಗಡಿಯನ್ನೋ ಬಸ್ಸಿನ ಬೋರ್ಡನ್ನೋ ನೋಡತೊಡಗುತ್ತಾರೆ. ಕೃತಘ್ನರು ಅಂತಲ್ಲ. ಬಟ್ಟೆಯಿಲ್ಲದೆ ಬಿದ್ದುಕೊಂಡು, ಉಚ್ಚೆ ಮಾಡಿಕೊಂಡು ಅತ್ತ ದಿನಗಳನ್ನು ಕಂಡವಳು ಇವಳು. ಇವಳ ಮುಖ ಕಂಡರೆ ಆ ದಿನಗಳೇ ಎದ್ದು ಬರುತ್ತವೆ. ಗಂಗಕ್ಕನಿಗೆ ಅದು ಅರ್ಥವಾಗುತ್ತಿತ್ತು.

ಇಂಥವಳಿಗೇ ಕಾಯಿಲೆ ಬಂತು. ವರ್ಷಗಟ್ಟಲೆ ಮೈಭಾರದ ಹೆಂಗಸರನ್ನು ಎತ್ತಿ ಇಳಿಸಿದ ಮೈ, ಕೆಳಹೊಟ್ಟೆಯಲ್ಲಿ ಏನೋ ಜಗ್ಗಿದ ಹಾಗೆ, ಜಾರಿದ ಹಾಗೆ. ನಾಚಿಕೆಗೆ ಯಾರಿಗೂ ಹೇಳಲಿಲ್ಲ. ಊರಿನ ಹೆಂಗಸರ ಒಳಗುಟ್ಟೆಲ್ಲ ಕಂಡವಳಿಗೆ ತನ್ನದನ್ನು ತೋರಿಸಲು ನಾಚಿಕೆ! ಕೊನೆಗೆ ನಿಲ್ಲಲೂ ಆಗದ ಹಾಗಾದಾಗ ಹೆಂಗಸರ ಡಾಕ್ಟರಿಗೆ ತೋರಿಸಿದಳು. "ಗರ್ಭಕೋಶ ಜಾರಿದೆ ಗಂಗಮ್ಮ, ತೆಗೆಯಬೇಕು. ಇಲ್ಲೇ ಮಾಡ್ತೇವೆ, ನಿಮ್ಮ ಸರ್ಕಾರಿ ಕಾರ್ಡಿನಲ್ಲಿ ಆಗ್ತದೆ, ಖರ್ಚಿಲ್ಲ. ಮುಂದಿನ ಸೋಮವಾರ ಬಂದು ಅಡ್ಮಿಟ್ ಆಗಿ" ಅಂದರು ಡಾಕ್ಟರು. ಆಮೇಲೆ ನಕ್ಕು, "ಜೊತೆಗೆ ಒಬ್ಬರು ಹೆಂಗಸರು ಬೇಕು. ಅದನ್ನ ನಿಮಗೆ ನಾನು ಹೇಳಬೇಕಾ?" ಅಂದರು.

ಗಂಗಕ್ಕನೂ ನಕ್ಕಳು. ಜನಕ್ಕೇನು ಬರವಾ? ಅರ್ಧ ತಾಲೂಕಿನ ಹಾಸಿಗೆ ಪಕ್ಕ ತಾನು ಕೂತಿಲ್ಲವಾ?

ಹೊರಗೆ ಗೇಟಿನ ಹತ್ತಿರ ಚಿತ್ತಾಕುಲದ ಸ್ವಾತಿ ಸಿಕ್ಕಳು. ಇವಳ ತಾಯಿ ಸುಮಿತಾ ಪಾರ್ಶ್ವವಾಯು ಹೊಡೆದು ಮಲಗಿದ್ದಾಗ ಗಂಗಕ್ಕನೇ ಹತ್ತಿರ ಕೂತದ್ದು. ಸ್ವಾತಿ ಚಾ ತರಲು ಕೆಳಗಿಳಿದ ಹೊತ್ತಿನಲ್ಲೇ ತಾಯಿಯ ಉಸಿರು ನಿಂತಿತು, ಗಂಗಕ್ಕನ ಕೈ ಹಿಡಿದುಕೊಂಡೇ. ಆಮೇಲೆ ಸ್ವಾತಿ ಒಂದು ಖಾಸಗಿ ಕಂಪನಿಯ ಆರೋಗ್ಯ ವಿಮೆ ಮಾಡಿಸುವ ಏಜೆಂಟ್ ಆದಳು. ಹೊಟ್ಟೆಪಾಡು ಹೌದು, ಆದರೆ ಅದಷ್ಟೇ ಅಲ್ಲ. ಆಗ ಒಂದು ಪಾಲಿಸಿ ಇದ್ದಿದ್ದರೆ ಆಯಿಯನ್ನು ಮಂಗಳೂರಿಗೆ ಒಯ್ಯಬಹುದಿತ್ತು ಅನ್ನುವುದು ಅವಳ ಎದೆಯಲ್ಲಿ ಕೂತುಬಿಟ್ಟಿತ್ತು. ಪಾಲಿಸಿ ಮಾಡಿಸು ಅಂತ ಗಂಗಕ್ಕನಿಗೂ ಎಷ್ಟೋ ಸಲ ಹೇಳಿದ್ದಳು.

"ನಂಗ್ಯಾಕೆ ಬೇಕೇ ಅದು? ಕಾರ್ಡು ಅದೆ, ದೊಡ್ಡಾಸ್ಪತ್ರೆ ಅದೆ" ಎಂದಳು ಗಂಗಕ್ಕ ಆವತ್ತೂ.

"ಕಾರ್ಡು ಇರ್ಲಿ ಗಂಗಕ್ಕ, ಬೇಡ ಅಂದ್ನಾ ನಾನು? ಇಲ್ಲಿ ಆಗೂದಕ್ಕೆ ಕಾರ್ಡು ಸಾಕು. ಹೃದಯದ್ದು, ತಲೆದು ಅಂತ ಬಂದ್ರೆ ಎಲ್ಲಿಗೆ ಕಳಿಸ್ತಾರೆ, ಯಾರು ಬರ್ತಾರೆ, ಯಾವಾಗ ಬೆಡ್ ಸಿಗ್ತದೆ? ಪಾಲಿಸಿ ಇದ್ರೆ ಬೇಕಾದ ಕಡೆ ಹೋಗಬಹುದು. ಒಬ್ರೇ ಇರೂ ರೂಮು. ಗುಂಡಿ ಒತ್ತಿದ್ರೆ ನರ್ಸ್ ಬರ್ತಾಳೆ. ಯಾರೂ ಕೂರೂದೂ ಬೇಡ."

"ಹ್ಞಾಂ, ಹಾಗಾದ್ರೆ ನನ್ನ ಕೂಲಿಗೆ ಕಲ್ಲು ಹಾಕೂದಾ ನೀನು?" ಎಂದು ಗಂಗಕ್ಕ ಚೇಷ್ಟೆ ಮಾಡಿದಳು. ತನ್ನ ಆಪರೇಶನ್ನಿನ ಸುದ್ದಿ ಮಾತ್ರ ಬಾಯಿ ಬಿಡಲಿಲ್ಲ.

ಅವಳ ಮನಸ್ಸಿನಲ್ಲಿ ಆಗಲೇ ಒಂದು ಮನೆ ಗಟ್ಟಿಯಾಗಿತ್ತು. ಅಂಕೋಲೆಯ ಭಾವಿಕೇರಿಯ ಬೊಮ್ಮಕ್ಕನ ಮನೆ. ಬೊಮ್ಮಕ್ಕ ಅಂಗಳದಲ್ಲಿ ಜಾರಿ ಸೊಂಟ ಮುರಿದುಕೊಂಡಾಗ ಗಂಗಕ್ಕ ಮೊದಲು ಆಸ್ಪತ್ರೆಯಲ್ಲಿ, ಆಮೇಲೆ ಅವರ ಮನೆಯಲ್ಲೇ, ಇಡೀ ಮಳೆಗಾಲ ಕಳೆದಿದ್ದಳು. ಆ ಮನೆಯಲ್ಲಿ ಅವಳಿಗೆ ಸ್ವಂತ ತಟ್ಟೆ ಇತ್ತು. ಬೊಮ್ಮಕ್ಕ ಅವಳನ್ನು ಬಿಟ್ಟು ಉಣ್ಣುತ್ತಿರಲಿಲ್ಲ. "ನೀ ನಂಗೆ ಒಡಹುಟ್ಟಿದವಳೇ ಗಂಗೆ" ಎಂದು ಹೊರಡುವ ದಿನ ಸೀರೆ ಉಡಿಸಿ, ಕಣ್ಣು ಒರೆಸಿಕೊಂಡಿದ್ದಳು. ಸೊಸೆ ಪ್ರೇಕ್ಷಾ ಗಟ್ಟಿ ಆಳು, ಒಳ್ಳೆಯ ಹುಡುಗಿ. ಅವಳೇ ಬಂದು ನಾಕು ದಿನ ಕೂತರಾಯಿತು.

ಗಂಗಕ್ಕ ಒಂದು ಪ್ಲಾಸ್ಟಿಕ್ ಕೊಟ್ಟೆ ತುಂಬ ಒಣ ಶೆಟ್ಲಿ ಸಿಗಡಿ ಕಟ್ಟಿಕೊಂಡು ಅಂಕೋಲೆಯ ಬಸ್ಸು ಹತ್ತಿದಳು. ಪಕ್ಕದಲ್ಲಿ ಕೂತ ಹುಡುಗಿ ಒಣಮೀನಿನ ವಾಸನೆಗೆ ಮೂಗಿಗೆ ದುಪಟ್ಟಾ ಹಿಡಿದಳು. "ಹಿಡ್ಕೊ ಮಗಾ, ಸಾರು ಮಾಡಿ ಬಡಿಸಿದ್ರೆ ಬೆರಳು ಚೀಪ್ತ್ಯೆ ನೀನು" ಎಂದು ಗಂಗಕ್ಕ ನಕ್ಕಳು. ಅಷ್ಟು ಖುಷಿ ಅವಳಿಗೆ. ನೆಂಟರ ಮನೆಗೆ ಹೋದ ಹಾಗೆ ಹೊರಟಿದ್ದಳಲ್ಲ!

ಬೊಮ್ಮಕ್ಕ ಜಗುಲಿಯಲ್ಲಿ ಕೂತಿದ್ದಳು. ಕಂಡವಳೇ, "ಅಯ್ಯೋ ನಮ್ಮ ಗಂಗೆ! ಬಾರೆ, ಬಾರೆ, ಎಷ್ಟು ಸೊರಗಿದ್ಯೆ!" ಎಂದು ಕೈ ಹಿಡಿದು ಬಿಡಲೇ ಇಲ್ಲ. ಪ್ರೇಕ್ಷಾ ಚಾ ಮಾಡಿದಳು, ಅವಲಕ್ಕಿ ಕಲಸಿದಳು. ಶೆಟ್ಲಿ ಕೊಟ್ಟೆ ಒಳಗೆ ಹೋಯಿತು. ಗಂಗಕ್ಕ ಸುತ್ತಿ ಬಳಸಿ, ಬಸ್ಸಿನ ಸುದ್ದಿ ಹೇಳಿ, ಮಳೆಯ ಸುದ್ದಿ ಹೇಳಿ, ಕಡೆಗೆ ತನ್ನ ಸುದ್ದಿಗೆ ಬಂದಳು. ಆಪರೇಶನ್ನು ಅಂದಳು. ಸೋಮವಾರ ಅಂದಳು. ಜೊತೆಗೆ ಒಬ್ಬರು ಬೇಕಂತೆ ಅಂದಳು. ಅಷ್ಟು ಹೇಳಿ ಪ್ರೇಕ್ಷಾಳ ಮುಖ ನೋಡಿದಳು.

ಪ್ರೇಕ್ಷಾ ಗಂಡನ ಮುಖ ನೋಡಿದಳು. ಗಂಡ ಪುಂಡಲೀಕ ಶಾಲೆ ಮಾಸ್ತರು, ಆಗಷ್ಟೇ ಬಂದು ಶರ್ಟು ಕಳಚುತ್ತಿದ್ದ. ಕೆಟ್ಟವನಲ್ಲ, ಸತ್ಯವಾಗಿ ಕೆಟ್ಟವನಲ್ಲ. ತಾಯಿಗೆ ಇವಳು ಮಾಡಿದ ಸೇವೆಯನ್ನು ಮರೆತವನೂ ಅಲ್ಲ.

"ಗಂಗಕ್ಕ, ನೀ ಒಂಚೂರೂ ಚಿಂತೆ ಮಾಡಬೇಡ" ಎಂದ. "ಯಾರಾದ್ರೂ ಒಬ್ರನ್ನ ಗೊತ್ತು ಮಾಡುವಾ. ನಿಂಗೆ ಬೇಕಾದವರನ್ನ ನೀನೇ ನೋಡು, ನಿಂಗೆ ಗೊತ್ತಿರೂವಷ್ಟು ಯಾರಿಗೆ ಗೊತ್ತದೆ? ಎಷ್ಟು ದಿನ ಆದ್ರೂ ಆಗ್ಲಿ, ಅವರ ಕೂಲಿ ನಾ ಕೊಡ್ತೆ. ನಮ್ಮನೆ ಲೆಕ್ಕ ಅದು."

"ಹೌದೇ ಗಂಗೆ, ಅವ ಕೊಡ್ತ" ಎಂದಳು ಬೊಮ್ಮಕ್ಕ, ಮಗನ ಬಗ್ಗೆ ಹೆಮ್ಮೆಯಿಂದ.

ಗಂಗಕ್ಕ ಅರ್ಧ ಕುಡಿದ ಚಾ ಪಕ್ಕಕ್ಕೆ ಸರಿಸಿದಳು. ಬೈಯಲು ಏನಿದೆ ಹೇಳಿ? ಇಲ್ಲ ಅಂದಿದ್ದರೆ ಸಿಟ್ಟು ಮಾಡಬಹುದಿತ್ತು. ಇವರು ಕೊಡುತ್ತೇವೆ ಅಂದರು. "ನಿಮ್ಮ ಋಣ ದೊಡ್ಡದು ಮಾಸ್ತರ್ರೆ, ಅಷ್ಟೆಲ್ಲಾ ಬೇಡ, ಯಾರಾದ್ರೂ ಸಿಕ್ತ್ರು" ಎಂದು ಎದ್ದಳು. ಬೊಮ್ಮಕ್ಕ ಊಟ ಮಾಡಿ ಹೋಗು ಅಂದಳು. ಬಸ್ಸು ತಪ್ಪುತ್ತದೆ ಅಂದಳು ಇವಳು.

ತಿರುಗಿ ಬರುವ ಬಸ್ಸಿನಲ್ಲಿ ಕಿಟಕಿಗೆ ತಲೆ ಒರಗಿಸಿ ಕೂತಾಗ ಅವಳಿಗೆ ಬಿಟ್ಟು ಬಂದ ಊರು ನೆನಪಾಯಿತು, ಸಮುದ್ರದ ಬಗಲಿನ ಗದ್ದೆಯ ಊರು. ಅಲ್ಲಿ ಭತ್ತದ ನಟ್ಟಿಗೆ ಮುಯ್ಯಾಳು ಹೋಗುತ್ತಿದ್ದರು. ಇವತ್ತು ನಾವು ನಿಮ್ಮ ಗದ್ದೆಗೆ, ನಾಳೆ ನೀವು ನಮ್ಮ ಗದ್ದೆಗೆ. ನಟ್ಟಿಗೆ ಮಾತ್ರ ಅಲ್ಲ, ಬಾಣಂತಿಗೆ, ರೋಗಕ್ಕೆ, ಸಾವಿನ ಮನೆಗೆ, ಎಲ್ಲದಕ್ಕೂ. ಗಂಗಕ್ಕನ ಆಯಿ ಯಾರ ಮನೆಯ ಚಾಪೆಯ ಪಕ್ಕ ಕೂತು ಬಂದಳೋ, ಆಯಿ ಮಲಗಿದಾಗ ಆ ಮನೆಯಿಂದ ಒಬ್ಬಳು ಕರೆಯದೇ ಬಂದು ಕೂರುತ್ತಿದ್ದಳು. ಊರು ಹೋಯಿತು, ಗದ್ದೆ ಹೋಯಿತು, ಗಂಗಕ್ಕನ ತಲೆಯೊಳಗೆ ಮಾತ್ರ ಆ ಮುಯ್ಯಿ ಹಾಗೇ ಉಳಿದಿತ್ತು. ಪ್ರತಿ ರೋಗಿಯ ಹತ್ತಿರ ಕೂತಾಗಲೂ, ಇದೊಂದು ಮನೆ ನಂಗಾಯಿತು ಅಂತ ಒಳಗೊಳಗೇ ಅಂದುಕೊಳ್ಳುತ್ತಿದ್ದಳು.

ಆದರೆ ಅವಳೇನು ಮುಯ್ಯಿಗೆ ಕೂತಿದ್ದಳಾ? ಕೂಲಿ ತಗೊಂಡಿದ್ದಳು. ಕೂಲಿ ಕೈಗೆ ಬಿದ್ದ ಸಂಜೆಯೇ ಲೆಕ್ಕ ಚುಕ್ತಾ. ಕೂಲಿಯಾಳಿನ ಮನೆಗೆ ಯಾರು ತಿರುಗಿ ನಟ್ಟಿಗೆ ಹೋಗುತ್ತಾರೆ? ಅದು ಊರಿನ ಚಿಕ್ಕ ಮಕ್ಕಳಿಗೂ ಗೊತ್ತಿದ್ದ ಮಾತು. ಇಷ್ಟು ವರ್ಷ ತನಗೆ ಹೊಳೆಯಲಿಲ್ಲವಲ್ಲ ಅಂತ ಅವಳಿಗೆ ನಾಚಿಕೆಯಾಯಿತು. ಅಷ್ಟು ಮನೆಗಳಲ್ಲಿ ಒಂದು ಮನೆಯೂ ತನ್ನದಲ್ಲ. ಅವರ್ಸಾ ದಾಟುವಾಗ ಕಣ್ಣು ತುಂಬಿ ಬಂತು, ಸೆರಗಿನಿಂದ ಒರೆಸಿಕೊಂಡಳು. ಯಾರೂ ನೋಡಲಿಲ್ಲ.

ತನ್ನ ಹಾಗೇ ರೋಗಿಗಳ ಹತ್ತಿರ ಕೂರುವ ಇನ್ನೊಬ್ಬಳನ್ನು ಗೊತ್ತು ಮಾಡಬಹುದಿತ್ತು. ಅವಳ ಕೈಯಲ್ಲೇ ಕೆಲಸ ಕಲಿತವರು ಇದ್ದರು. ಆದರೆ ಆ ಕೂಲಿಯ ಪ್ರೀತಿ ಎಂಥದು ಅಂತ ಗಂಗಕ್ಕನಿಗಿಂತ ಚೆನ್ನಾಗಿ ಬಲ್ಲವರು ಯಾರು? ಸುಳ್ಳಲ್ಲ ಅದು, ನಿಜವಾದದ್ದೇ. ಆದರೆ ಅದನ್ನು ತಾನೇ ದುಡ್ಡು ಕೊಟ್ಟು ಕೊಳ್ಳುವುದು ಅಂದರೆ ಅವಳಿಗೆ ಎದೆ ಒಡೆದ ಹಾಗಾಯಿತು. ಅದಕ್ಕಿಂತ ಗುಂಡಿ ಒತ್ತುವುದೇ ವಾಸಿ. ಗುಂಡಿ ಒತ್ತಿದರೆ ನರ್ಸ್ ಬರುತ್ತಾಳೆ, ಕೆಲಸ ಮಾಡುತ್ತಾಳೆ, ಹೋಗುತ್ತಾಳೆ. ಯಾರ ಮನೆಯ ಜಗುಲಿಯಲ್ಲೂ ಅವಲಕ್ಕಿ ತಿಂದು ಬಾಯಿ ಬಿಡಬೇಕಾಗಿಲ್ಲ.

ಮರುದಿನವೇ ಸ್ವಾತಿಗೆ ಫೋನ್ ಹೋಯಿತು. "ಆ ನಿನ್ನ ಪಾಲಿಸಿ ತಕಂಡು ಬಾ."

ಸ್ವಾತಿ ಚಿತ್ತಾಕುಲದಿಂದ ಕಾಳಿ ಸೇತುವೆ ದಾಟಿ, ಹೆದ್ದಾರಿಯ ಲಾರಿಗಳ ನಡುವೆ ಸ್ಕೂಟರು ಓಡಿಸಿಕೊಂಡು ಬಂದಳು. ಇಷ್ಟು ವರ್ಷ ಬೇಡ ಅಂದವಳು ತಾನಾಗಿ ಕರೆದಳಲ್ಲ ಅಂತ ಅವಳಿಗೆ ಸಂತೋಷ. ಗಂಗಕ್ಕ ಚಾ ಕೊಟ್ಟು ನೆಟ್ಟಗೆ ವಿಷಯಕ್ಕೆ ಬಂದಳು.

"ಸೋಮವಾರಕ್ಕೆ ಆಗ್ತದ್ಯಾ? ಗರ್ಭಕೋಶ ತೆಗೀಬೇಕಂತೆ. ನಂಗೆ ಆ ಗುಂಡಿ ಇರೂ ರೂಮೇ ಬೇಕು."

ಸ್ವಾತಿ ಕಪ್ಪು ಕೆಳಗಿಟ್ಟಳು. "ಗಂಗಕ್ಕ... ಮೊದಲೇ ಹೇಳಬಾರ್ದಿತ್ತಾ ನೀನು? ಈಗಾಗಲೇ ಇದ್ದ ಕಾಯಿಲೆಗೆ ಪಾಲಿಸಿ ಮಾಡಿಸಿದ ಕೂಡ್ಲೇ ಕೊಡೂದಿಲ್ಲ. ವರ್ಷಗಟ್ಟಲೆ ಕಾಯ್ಬೇಕು. ಸುಳ್ಳು ಹೇಳಿ ಮಾಡ್ಸೂ ಏಜೆಂಟರೂ ಇರ್ತ್ರು, ನಾ ಮಾಡೂದಿಲ್ಲ. ಆಮೇಲೆ ಸಿಕ್ಕಿ ಬೀಳೂದು ನೀನು."

"ಕಾಯ್ತೆ. ಇಷ್ಟು ದಿನ ತಡ್ಕಂಡಿಲ್ವಾ."

"ಹುಚ್ಚಿಯಾ ನೀನು? ನಿಲ್ಲೂಕೇ ಆಗ್ತಿಲ್ಲ ನಿಂಗೆ! ದೊಡ್ಡಾಸ್ಪತ್ರೆಲಿ ಪುಕ್ಕಟೆ ಮಾಡೂದನ್ನ ಬಿಟ್ಟು ವರ್ಷಗಟ್ಟಲೆ ನರಳೂದಾ? ಆ ಡಾಕ್ಟರ ಕೈಯಲ್ಲಿ ಎಷ್ಟು ಜನ ಚಲೋ ಆಗಿ ಹೋದ್ರು ಅಂತ ನಂಗೆ ಹೇಳಿದ್ದೇ ನೀನು. ಮೊದ್ಲು ಇದನ್ನ ಮುಗ್ಸು. ನಾಳೆ ಎದೆಗೋ ತಲೆಗೋ ಎಂತದಾದ್ರೂ ಬಂದ್ರೆ, ಅದಕ್ಕೆ ಪಾಲಿಸಿ. ಬಾಯಾರಿದ ಮೇಲೆ ಬಾವಿ ತೋಡೂಕಾಗ್ತದ್ಯಾ?"

"ಆ ರೂಮಲ್ಲಿ ಒಬ್ಳೇ ಇದ್ರೆ ನಡೀತದಲ್ಲೆ? ಯಾರೂ ಬೇಡ ಅಂದಿದ್ಯಲ್ಲೆ ನೀನು?"

ಸ್ವಾತಿಗೆ ಈಗ ಮಾತಿನ ಜಾಡು ಗೊತ್ತಾಗತೊಡಗಿತು. ಅವಳ ದನಿ ಇಳಿಯಿತು. "ಅದು ಮಾತಿಗೆ ಹೇಳಿದ್ದು ಗಂಗಕ್ಕ. ಅಲ್ಲೂ ಸಹಿ ಹಾಕೂಕೆ ಮನೆಯವ್ರು ಬೇಕು. ಔಷಧ ತರೂಕೆ, ಡಾಕ್ಟ್ರು ಹೇಳೂದನ್ನ ಕೇಳೂಕೆ ಒಬ್ರು ಬೇಕು. ಎಷ್ಟು ದೊಡ್ಡ ಆಸ್ಪತ್ರೆ ಆದ್ರೂ 'ಜೊತೆಗೆ ಯಾರಿದ್ದಾರೆ' ಅಂತ ಕೇಳೇ ಕೇಳ್ತಾರೆ."

"ಹಾಗಾದ್ರೆ ಎಂತಕ್ಕೇ ನಿನ್ನ ಪಾಲಿಸಿ!" ಗಂಗಕ್ಕ ಒಮ್ಮೆಲೇ ಉರಿದೆದ್ದಳು. "ರೂಮು ಕೊಡ್ತದಂತೆ, ಔಷಧ ಕೊಡ್ತದಂತೆ, ಕಾರ್ಡಿನವರೂ ಕೊಡ್ತಾರೆ ಅದನ್ನ! ದುಡ್ಡಿಗೆ ಕೊರತೆ ಇದ್ದವ್ರಿಗೆ ಸರಿ ಅದು. ಮಕ್ಕಳು ಮರಿ ಇದ್ದವ್ರಿಗೆ ಸರಿ. ಅವ್ರು ಮಾಡಿಸ್ಲಿ, ಮಾಡಿಸ್ಲೇಬೇಕು. ನಂಗೆ ಕೊರತೆ ಇರೂದು ದುಡ್ಡಿಂದಲ್ಲ ಮಾರಾಯ್ತಿ!"

ಹೊರಗೆ ಯಾರದೋ ಮನೆಯ ಕುಕ್ಕರು ಕೂಗಿತು. ಗಂಗಕ್ಕ ಖಾಲಿ ಕಪ್ಪುಗಳನ್ನು ಎತ್ತಿಕೊಂಡಳು, ಎತ್ತಿಕೊಂಡು ಅಲ್ಲೇ ನಿಂತಳು.

"ಸೋಮವಾರ ನಾ ಬರ್ತೆ" ಅಂದಳು ಸ್ವಾತಿ.

ಗಂಗಕ್ಕ ತಿರುಗಿ ನೋಡಿದಳು.

"ನಾ ಕೂರ್ತೆ ಗಂಗಕ್ಕ. ನಂಗೆ ಆ ವಾರ್ಡಿಗೆ ಹೋಗೂಕೆ ಕಾಲು ಬರೂದಿಲ್ಲ, ಗೇಟಿನವರೆಗೆ ಮಾತ್ರ ಹೋಗ್ತೆ, ನೀ ನೋಡಿದ್ಯಲ್ಲ. ಆದ್ರೂ ಬರ್ತೆ. ಆಯಿ ಹತ್ರ ನಂಗೆ ಕೊನೆಗೆ ಕೂರೂಕಾಗ್ಲಿಲ್ಲ."

ಎಷ್ಟು ವರ್ಷಗಳಿಂದ ಕಾದ ಮಾತು ಅದು! ಕರೆಯದೇ, ಕೇಳದೇ, ಮನೆ ಬಾಗಿಲಿಗೆ ಬಂದು ನಿಂತಿತ್ತು. ಆದರೆ ಕಿವಿಗೆ ರೂಢಿಯಾದದ್ದು ಬೇರೆಯೇ. ವರ್ಷಗಟ್ಟಲೆ ಪ್ರತಿ ಮಂಚದ ಪಕ್ಕ ಮೊದಲು ಕೇಳಿಸಿಕೊಂಡ ಮಾತೇ ಬಾಯಿಂದ ಹೊರಗೆ ಬಿತ್ತು.

"ದಿನಕ್ಕೆ ಎಷ್ಟು ತಗಳ್ತ್ಯೇ?"

ಸ್ವಾತಿಯ ಮುಖ ಸಣ್ಣದಾಯಿತು. ಯಾರೋ ಕೆನ್ನೆಗೆ ಹೊಡೆದ ಹಾಗೆ ನೋಡಿದಳು. ಬ್ಯಾಗು ಹೆಗಲಿಗೆ ಹಾಕಿಕೊಂಡಳು, ಹೆಲ್ಮೆಟ್ ಎತ್ತಿಕೊಂಡಳು, ಮೆಟ್ಟಿಲು ಇಳಿದಳು. ಆ ಮುಖ ಎಲ್ಲಿ ನೋಡಿದ್ದೆ ಅಂತ ಗಂಗಕ್ಕ ಯೋಚಿಸಬೇಕಾಗಿಯೇ ಇರಲಿಲ್ಲ. ಭಾವಿಕೇರಿಯ ಜಗುಲಿಯಲ್ಲಿ ಮಾಸ್ತರು ಕೂಲಿ ನಾ ಕೊಡ್ತೆ ಅಂದಾಗ ತನ್ನ ಮುಖವೂ ಹೀಗೇ ಇದ್ದಿರಬೇಕು.

ಹೊರಗೆ ಸ್ಕೂಟರು ಶುರುವಾಯಿತು. ಕೈಯಲ್ಲಿದ್ದ ಕಪ್ಪುಗಳನ್ನು ಎಲ್ಲಿಟ್ಟಳೋ ಏನೋ, ಕೆಳಹೊಟ್ಟೆ ಹಿಡಿದುಕೊಂಡು, ಬರಿಗಾಲಲ್ಲಿ ಅವಳು ಅಂಗಳಕ್ಕೆ ಓಡಿದಳು. ಓಡಬಾರದು ಅಂತ ಡಾಕ್ಟರು ಹೇಳಿದ್ದರು. ಸ್ಕೂಟರಿನ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು. ಏದುಸಿರು ಬರುತ್ತಿತ್ತು.

"ಕೊಡೂದಿಲ್ಲ ನಾನು" ಎಂದಳು. "ಕೇಳ್ತಾ ಸ್ವಾತಿ? ಒಂದು ಪೈಸೆನೂ ಕೊಡೂದಿಲ್ಲ. ತಿರುಗಿ ನಿಂಗೆ ಎಂತಾ ಮಾಡೂಕಾಗ್ತದೋ ಅದೂ ಗೊತ್ತಿಲ್ಲ. ಆದ್ರೂ ಬಾ. ನಂಗೆ ಹೆದ್ರಿಕೆ ಆಗ್ತದೆ ಮಗಾ. ಒಬ್ಳೇ ಮಲಗೂಕೆ ಹೆದ್ರಿಕೆ ಆಗ್ತದೆ. ಬಾ ನೀನು."

ಅವಳ ಆಯುಷ್ಯದಲ್ಲಿ ಹೀಗೆ ಒಬ್ಬರ ಹತ್ತಿರ ಕೇಳಿದ್ದು ಅದೇ ಮೊದಲು. ಸ್ವಾತಿ ಸ್ಕೂಟರು ಬಂದ್ ಮಾಡಿದಳು.